ಒಂದೂವರೆಗೆ ಸರಿಯಾಗಿ ಆರಿಸಿಬಿಡು

ನಮ್ಮ ಭಾವನಿಗೆ ಗೋಡೆಯ ಮಾತು ಕೇಳಿಸುತ್ತದೆ. ಹೀಗೆಂದರೆ ಜನ ನಗುತ್ತಾರೆ, ಮೊದಮೊದಲು ನಾನೂ ನಕ್ಕವನೇ. ಆದರೆ ಅವರು ನಮ್ಮ ಅಕ್ಕನನ್ನು ಮದುವೆಯಾದ ವರ್ಷ ನಮ್ಮ ಮನೆಯ ಬಚ್ಚಲಿನ ಗೋಡೆ ಒದ್ದೆಯಾಗಿ, ಮೂರು ಜನ ಬಂದು ಮೂರು ಕಡೆ ಒಡೆದು ಕೈಚೆಲ್ಲಿ ಹೋಗಿದ್ದರು. ಈ ಮನುಷ್ಯ ಅಡುಗೆಮನೆಯಿಂದ ಒಂದು ಸ್ಟೀಲ್ ಚಮಚ ತಂದು, ಅದರ ಹಿಡಿಯನ್ನು ಗೋಡೆಗೆ ಒತ್ತಿ, ಇನ್ನೊಂದು ತುದಿಗೆ ಕಿವಿ ಆನಿಸಿ, ಕಣ್ಣು ಮುಚ್ಚಿ ನಿಂತರು. ಐದು ನಿಮಿಷ ಕಳೆದ ಮೇಲೆ ಪೆನ್ಸಿಲಿನಿಂದ ಒಂದು ಸೊನ್ನೆ ಬರೆದು, "ಇಲ್ಲಿ ಹನಿ ಬೀಳ್ತಿದೆ" ಅಂದರು. ಒಡೆದು ನೋಡಿದರೆ ಅಲ್ಲೇ ಇತ್ತು. ಅವತ್ತಿನಿಂದ ನಾನು ನಗುವುದನ್ನು ಬಿಟ್ಟೆ.

ಮೂವತ್ತೈದು ವರ್ಷದಿಂದ ಅವರದು ಪ್ಲಂಬರ್ ಕೆಲಸ. ಪ್ಯಾಂಟಿನ ಎರಡೂ ಜೇಬು ತುಂಬ ರಬ್ಬರ್ ವಾಷರ್‌ಗಳು. ಬೀದಿಯವರೆಲ್ಲ ಅವರನ್ನು ವಾಷರಣ್ಣ ಎಂದೇ ಕರೆಯುತ್ತಾರೆ. ಬಟ್ಟೆ ಒಗೆಯುವ ಮೆಷಿನ್ನಿನಲ್ಲಿ, ಹಾಸಿಗೆಯಲ್ಲಿ, ಒಂದು ಸಲ ಸಕ್ಕರೆ ಡಬ್ಬಿಯಲ್ಲೂ ಅಕ್ಕನಿಗೆ ವಾಷರ್ ಸಿಕ್ಕಿದೆ. "ನಿಮ್ಮನ್ನ ಸುಟ್ಟರೂ ಬೂದಿ ಬರಲ್ಲ ರೀ, ರಬ್ಬರ್ ವಾಸನೆ ಬರತ್ತೆ" ಎಂದು ಬೈಯುತ್ತಾಳೆ. ಅವರು ಜೋಡಿಸಿದ ಪೈಪು ಸೋರಿದ್ದನ್ನು ಮಾತ್ರ ಯಾರೂ ನೋಡಿಲ್ಲ.

ನಾನು ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ಬೇರೆಯವರ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಅಲ್ಪಪ್ರಾಣ ಮಹಾಪ್ರಾಣ ಗೊತ್ತಿಲ್ಲದವರನ್ನು ಕಂಡರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಹಾಗಾಗಿ, ಮುಂದೆ ಹೇಳುವ ಸಂಗತಿಯಲ್ಲಿ ಒಂದು ಸಣ್ಣ ಕನ್ನಡ ಪದವನ್ನು ತಪ್ಪಾಗಿ ಓದಿಕೊಂಡವನು ನಾನೇ ಎಂದು ಬರೆಯಲು ಕೈ ಹಿಂದೆ ಮುಂದೆ ನೋಡುತ್ತಿದೆ. ಆದರೂ ಬರೆಯುತ್ತೇನೆ. ಆ ತಪ್ಪಿಲ್ಲದಿದ್ದರೆ ಈ ಗೆಲುವೂ ಇರುತ್ತಿರಲಿಲ್ಲ.

ಭಾವನಿಗೆ ಬಿಯರ್ ಮಾಡುವ ಹುಚ್ಚು ಹತ್ತಿ ಹನ್ನೆರಡು ವರ್ಷವಾಯಿತು. ಯಾರದೋ ಮನೆಯ ನೆಲಮಾಳಿಗೆಯಲ್ಲಿ ಪೈಪು ಬದಲಾಯಿಸಲು ಹೋದಾಗ ಅಲ್ಲಿನ ಮುದುಕರು ತಾವೇ ಮಾಡಿದ್ದೆಂದು ಒಂದು ಲೋಟ ಕೊಟ್ಟರಂತೆ. ಕುಡಿದವರು ಅರ್ಧ ದಿನ ಅಲ್ಲೇ ಕೂತು ಎಲ್ಲ ಕೇಳಿಕೊಂಡು ಬಂದರು. "ಏನಿಲ್ಲ ಕಣೋ, ಇದೂ ನೀರು, ಪೈಪು, ಬಿಸಿ, ತಂಪು ಅಷ್ಟೇ. ನಮ್ಮ ಕಸುಬೇ" ಅಂದರು. ಮೊದಲು ಮಾಡಿದ್ದನ್ನು ಕುಡಿದು ನಾನು ಎರಡು ದಿನ ಪ್ರೆಸ್ಸಿಗೆ ಹೋಗಲಿಲ್ಲ. ಮಾಡುತ್ತ ಮಾಡುತ್ತ ಕೈ ಪಳಗಿತು.

ಹೋದ ವರ್ಷ ಅಕ್ಕನ ಮಗಳ ಮದುವೆ ಗೊತ್ತಾಯಿತು. ಅವಳು ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು, ಹುಡುಗ ಅಲ್ಲೇ ಎಕ್ಸ್‌ರೇ ತೆಗೆಯುವವನು. ಇಬ್ಬರೂ ತಾವೇ ಒಪ್ಪಿಕೊಂಡು ಆಮೇಲೆ ನಮಗೆ ತಿಳಿಸಿದರು. ಹುಡುಗ ಚಿನ್ನದಂಥವನು. ತೊಡಕಿದ್ದದ್ದು ಅವನ ಅಪ್ಪನ ಹತ್ತಿರ. ಬೀಗರು ದೊಡ್ಡದೊಂದು ಬಿಯರ್ ಕಾರ್ಖಾನೆಯಲ್ಲಿ ತಯಾರಿಕೆಯ ಮುಖ್ಯಸ್ಥರು. ಮೂವತ್ತು ವರ್ಷದ ಅನುಭವ. ಲೋಟದ ನೊರೆ ನೋಡಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಾರಂತೆ.

ಮಾತುಕತೆಗೆ ಬಂದ ದಿನ ಅವರು ಅಕ್ಕನ ಮನೆಯ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಎಲ್ಲವನ್ನೂ ತಾವೇ ವಹಿಸಿಕೊಂಡರು. ಹಾಲ್ ಅವರದು, ಊಟ ಅವರದು, ಹೂವಿನ ಅಲಂಕಾರ ಅವರದು, ಓಡಾಟಕ್ಕೆ ಗಾಡಿಯೂ ಅವರದೇ. "ನೀವು ಆರಾಮಾಗಿ ಬಂದು ಕೂತ್ಕೊಳಿ" ಅಂದರು. ಒಳ್ಳೆಯ ಮಾತೇ. ಆದರೆ ಮಗಳ ಮದುವೆಗೆ ಹೆತ್ತಪ್ಪ ಪಕ್ಕದ ಮನೆಯವನ ಹಾಗೆ ಬಂದು ಕೂರುವುದೆಂದರೆ ಹೇಗೆ? ಭಾವ ಒಂದು ವಾಷರನ್ನು ಬೆರಳಲ್ಲಿ ತಿರುಗಿಸುತ್ತ ಕೂತಿದ್ದವರು ಇದ್ದಕ್ಕಿದ್ದಂತೆ, "ಊಟಕ್ಕೆ ಬಿಯರ್ ನಂದು. ನಾನೇ ಮಾಡ್ತೀನಿ" ಅಂದುಬಿಟ್ಟರು.

ಬೀಗರು ಮುಗುಳ್ನಕ್ಕರು. "ಬಿಯರ್ ಅಂದ್ರೆ ನಲ್ಲಿ ತಿರುಗಿಸಿದ ಹಾಗಲ್ಲ, ಪ್ಲಂಬರ್ ಸಾಹೇಬ್ರೇ. ಆದ್ರೆ ಮಾಡಿ, ಬೇಡ ಅನ್ನಲ್ಲ. ಆಗ್ಲಿಲ್ಲ ಅಂದ್ರೆ ಒಂದು ಫೋನ್ ಮಾಡಿ, ಕಾರ್ಖಾನೆಯಿಂದ ವ್ಯಾನ್ ಕಳಿಸ್ತೀನಿ."

ಇಡೀ ಸಂಜೆ ಅವರು ಭಾವನನ್ನು ಕರೆದದ್ದು ಹಾಗೆಯೇ, ಪ್ಲಂಬರ್ ಸಾಹೇಬ್ರೇ ಎಂದು. ಬೀಗರೇ ಎಂಬ ಮಾತು ಅವರ ಬಾಯಿಂದ ಒಂದು ಸಲವೂ ಬರಲಿಲ್ಲ. ನನಗೆ ಮೈ ಉರಿಯಿತು. ಅವರು ಹೋದ ಮೇಲೆ ಲೋಟ ಎತ್ತಿಡುತ್ತ ಭಾವ ಮೆಲ್ಲಗೆ ಅಕ್ಕನಿಗೆ ಹೇಳಿದ್ದು ನನಗೂ ಕೇಳಿಸಿತು: "ಮಗಳನ್ನ ಒಪ್ಪಿಕೊಂಡ್ರು ಕಣೇ. ನನ್ನನ್ನ ಇನ್ನೂ ಇಲ್ಲ."

ಮದುವೆಗೆ ಐದು ವಾರ ಉಳಿದಿತ್ತು. ಬಿಯರ್ ಎರಡು ವಾರ ಡ್ರಮ್ಮಿನಲ್ಲಿ ಹುದುಗಬೇಕು, ಎರಡು ವಾರ ಬಾಟಲಿಯಲ್ಲಿ ಕೂರಬೇಕು. ಅಂದರೆ ಮುಂದಿನ ಭಾನುವಾರ ಒಂದೇ ದಾರಿ. ಒಂದೇ ಹಂಡೆ, ಒಂದೇ ಸಲ. ಕೆಟ್ಟರೆ ವ್ಯಾನ್ ಬರುತ್ತದೆ.

ಭಾನುವಾರ ಬೆಳಿಗ್ಗೆ ಏಳಕ್ಕೇ ನನ್ನನ್ನು ಎಬ್ಬಿಸಿ ಕರೆಸಿಕೊಂಡರು. ಹಿತ್ತಿಲಲ್ಲಿ ದೊಡ್ಡ ಗ್ಯಾಸ್ ಒಲೆ, ಅದರ ಮೇಲೆ ನಲವತ್ತು ಲೀಟರಿನ ಸ್ಟೀಲ್ ಹಂಡೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಭಾವ ಒಡೆದು ನುಚ್ಚು ಮಾಡಿಟ್ಟಿದ್ದರು. ಅದನ್ನು ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ, ಸಿಹಿಯಾದ ತಿಳಿಯನ್ನು ಬಸಿದುಕೊಂಡು, ಆ ತಿಳಿಗೆ ಹಾಪ್ಸ್ ಎಂಬ ಕಹಿ ಹೂವು ಹಾಕಿ ಒಂದು ಗಂಟೆ ಕುದಿಸಬೇಕು. ಆಮೇಲಿನದನ್ನೂ ಹೇಳಿದ್ದರು. ಅವರು ಹೇಳುವುದು ಶುರು ಮಾಡಿದರೆ ನಿಲ್ಲಿಸುವವರಲ್ಲ, ನಾನು ಅರ್ಧಕ್ಕೇ ಕಿವಿ ಮುಚ್ಚಿಕೊಳ್ಳುವವನು. ಮೂಲೆಯಲ್ಲಿ ತಾಮ್ರದ ಪೈಪಿನ ಸುರುಳಿಯೊಂದು ಬಿದ್ದಿತ್ತು. ಯಾರದೋ ಮನೆಯ ಕೆಲಸದ ಸಾಮಾನು ಅಂದುಕೊಂಡೆ.

ಹನ್ನೆರಡೂವರೆಗೆ ಹಂಡೆ ಕುದಿ ಹತ್ತಿತು. ಭಾವ ಕಹಿ ಹೂವು ಹಾಕಿ, ಗಡಿಯಾರ ನೋಡಿ, "ಆಹಾ" ಎಂದು ಕೈ ಒರೆಸಿಕೊಳ್ಳುವಷ್ಟರಲ್ಲಿ ಹಿಂದಿನ ಓಣಿಯಿಂದ ಯಾರೋ ಕೂಗಿದರು. ಐಸ್ ಅಂಗಡಿಯಮ್ಮ. ಗೋಡೆಯಾಚೆ ಓಣಿ ದಾಟಿದರೆ ಅವರ ಅಂಗಡಿ, ನೆಲಮಾಳಿಗೆಯಲ್ಲಿ ಐಸ್ ಗಡ್ಡೆ ಇಡುವ ಕೋಣೆ. ಅಲ್ಲಿ ಪೈಪು ಒಡೆದು ನೀರು ಮೆಟ್ಟಿಲು ಹತ್ತುತ್ತಿತ್ತು.

"ವಾಷರಣ್ಣಾ, ಬೇಗ ಬನ್ನಿ! ಎಲ್ಲಾ ಕರಗಿ ಹೋಗ್ತಿದೆ!"

ಭಾವ ಹಂಡೆ ನೋಡಿದರು, ಗೋಡೆ ನೋಡಿದರು. ಇಂಥ ಕೂಗಿಗೆ ಅವರು ಯಾವತ್ತೂ ಇಲ್ಲ ಅಂದವರಲ್ಲ. ಸ್ಪ್ಯಾನರ್ ಚೀಲ ಹೆಗಲಿಗೇರಿಸಿ ಬಾಗಿಲು ದಾಟುತ್ತ ನನ್ನ ಕಡೆ ತಿರುಗಿದರು.

"ಒಂದೂವರೆಗೆ ಸರಿಯಾಗಿ ಆರಿಸಿಬಿಡು. ಒಂದು ನಿಮಿಷನೂ ತಡ ಮಾಡ್ಬೇಡ. ನಿನ್ನನ್ನೇ ನಂಬಿ ಹೋಗ್ತಿದೀನಿ!"

"ಹೋಗಿ ಭಾವ, ನಾನಿದೀನಲ್ಲ" ಅಂದೆ.

ಒಂದು ಗಂಟೆ ಕಾಲ ಕಣ್ಣಲ್ಲಿ ಕಣ್ಣಿಟ್ಟು ಕೂತೆ. ಉಕ್ಕಿದಾಗ ಊದಿದೆ, ಹುಳ ಬಂದಾಗ ಓಡಿಸಿದೆ. ಮುಳ್ಳು ಒಂದೂವರೆಗೆ ಬಂದ ಕೂಡಲೇ ಒಲೆ ಆರಿಸಿದೆ. ಧೂಳು ಬೀಳದಿರಲೆಂದು ಮುಚ್ಚಳ ಹಾಕಿದೆ, ಅದರ ಮೇಲೊಂದು ದಪ್ಪ ಟವೆಲ್ಲನ್ನೂ ಹೊದಿಸಿದೆ. ಇಷ್ಟು ಅಚ್ಚುಕಟ್ಟಾಗಿ ಯಾರು ಮಾಡಿಯಾರು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು, ಊಟ ಮಾಡಿ, ಕುರ್ಚಿಯಲ್ಲೇ ಒಂದು ನಿದ್ದೆ ತೆಗೆದೆ.

ಭಾವ ಬಂದದ್ದು ನಾಲ್ಕಕ್ಕೆ. ಮಂಡಿಯವರೆಗೆ ಪ್ಯಾಂಟು ಒದ್ದೆ, ತುಟಿ ನೀಲಿ.

"ಆರಿಸ್ದೆಯಾ?"

"ಸರಿಯಾಗಿ ಒಂದೂವರೆಗೆ."

ಅವರು ಟವೆಲ್ ತೆಗೆದರು. ಮುಚ್ಚಳ ತೆಗೆದರು. ಬುಸ್ಸೆಂದು ಹಬೆ ಬಂತು. ಥರ್ಮಾಮೀಟರ್ ಇಳಿಬಿಟ್ಟು ನೋಡಿದರು. ಎಪ್ಪತ್ತೆಂಟು ಡಿಗ್ರಿ. ಆಮೇಲೆ ಮೂಲೆಯಲ್ಲಿ ಬಿದ್ದಿದ್ದ ತಾಮ್ರದ ಸುರುಳಿಯ ಕಡೆ ನೋಡಿದರು. ಆಮೇಲೆ ನನ್ನ ಕಡೆ.

"ಏನೋ ಇದು? ಆರಿಸು ಅಂದಿದ್ನಲ್ಲೋ!"

"ಆರಿಸಿದೀನಲ್ಲ ಭಾವ! ನೋಡಿ, ಒಲೆ ಆರಿದೆ!"

"ಒಲೆ ಅಲ್ಲವೋ! ಹಂಡೆ! ಹಂಡೆ ಆರಿಸು ಅಂದಿದ್ದು! ಸುರುಳಿ ಇಳಿಬಿಟ್ಟು, ತಣ್ಣೀರು ಹರಿಸಿ, ಅರ್ಧ ಗಂಟೇಲಿ ಆರಿಸ್ಬೇಕು ಅಂತ ಬೆಳಿಗ್ಗೆ ಎರಡು ಸಲ ಹೇಳಿದೀನಿ!"

ದೀಪ ಆರಿಸುವುದು, ಹಾಲು ಆರಿಸುವುದು, ಒದ್ದೆ ಬಟ್ಟೆ ಆರಿಸುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು. ನಾಲ್ಕು ಅರ್ಥ. ಇಪ್ಪತ್ತೆಂಟು ವರ್ಷ ಕರಡು ತಿದ್ದಿದ ನಾನು ನಾಲ್ಕರಲ್ಲಿ ಒಂದನ್ನು ಆರಿಸಿಕೊಂಡಿದ್ದೆ, ಅದೂ ತಪ್ಪಾದ್ದನ್ನು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಅಕ್ಕ ಒಳಗಿನಿಂದ ಓಡಿ ಬಂದಳು. "ಈಗಲಾದ್ರೂ ನೀರು ಹರಿಸಿ ತಣ್ಣಗೆ ಮಾಡಬಾರದಾ?"

"ಇಷ್ಟು ಹೊತ್ತು ಬಿಸಿಯಾಗೇ ಇತ್ತು, ಇನ್ನೂ ಕೆಟ್ಟಿರಲ್ಲ. ಇಲ್ಲಿಂದ ನಿಧಾನಕ್ಕೆ ಉಗುರುಬೆಚ್ಚಗೆ ಇಳಿದ್ರೆ ಮಾತ್ರ ಹುಳಿ ಹಿಡಿಯತ್ತೆ" ಎಂದರು ಭಾವ. ಸುರುಳಿಯನ್ನು ಹಿತ್ತಿಲ ನಲ್ಲಿಗೆ ಸಿಕ್ಕಿಸಿ ತಿರುಗಿಸಿದರು. ನಲ್ಲಿ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಒಂದು ಹನಿ ನೀರಿಲ್ಲ.

"ಯಾರು ನೀರು ನಿಲ್ಲಿಸಿದ್ದು?" ಅಂದೆ, ಕೋಪ ತೋರಿಸಲು ಸದ್ಯ ಬೇರೊಬ್ಬರು ಸಿಕ್ಕರೆಂಬ ಖುಷಿಯಲ್ಲಿ.

ಭಾವ ಕುತ್ತಿಗೆ ಕೆರೆದುಕೊಂಡರು. ಬೀದಿಯ ದೊಡ್ಡ ವಾಲ್ವನ್ನು ಮುಚ್ಚಿದವರು ಅವರೇ. ಒಡೆದ ಕಡೆ ಅಂಟು ಹಾಕಿ ಜೋಡಿಸಿದ್ದರು, ಅದು ಗಟ್ಟಿಯಾಗಲು ಸಂಜೆ ಆರರವರೆಗೆ ಬೇಕು. ಅಷ್ಟರವರೆಗೆ ಇದೂ ಸೇರಿ ಸುತ್ತಿನ ನಾಲ್ಕು ಮನೆಗೆ ನೀರಿಲ್ಲ. ಅಂದರೆ ನನಗೆ ಪದದ ಅರ್ಥ ಸರಿಯಾಗಿ ಗೊತ್ತಾಗಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ! ಈ ಮಾತನ್ನು ನಾನು ಆ ಕೂಡಲೇ ಹೇಳಿದೆ, ಎರಡು ಸಲ ಹೇಳಿದೆ.

ಅಕ್ಕ ಗಲ್ಲಕ್ಕೆ ಕೈ ಕೊಟ್ಟು ಯೋಚಿಸಿ, "ವಾಲ್ವ್ ಒಂದರ್ಧ ಗಂಟೆ ತೆರೆದ್ರೆ ಯಾರಿಗೆ ಗೊತ್ತಾಗತ್ತೆ ರೀ?" ಅಂದಳು.

"ನನಗೆ ಗೊತ್ತಾಗತ್ತೆ" ಅಂದರು ಭಾವ. "ಹಸಿ ಜಾಯಿಂಟು, ಕಿತ್ತು ಬರತ್ತೆ. ನಾನು ಹಾಕಿದ್ದನ್ನ ನಾನೇ ಒಡೀಲಾ?"

ಹೇಳಿ ಹಂಡೆಯ ಪಕ್ಕದ ಕಲ್ಲಿನ ಮೇಲೆ ಕೂತರು. ಅಷ್ಟು ದೊಡ್ಡ ಆಳು ಹಾಗೆ ಮುದುಡಿ ಕೂತದ್ದನ್ನು ನಾನು ಹಿಂದೆ ನೋಡಿರಲಿಲ್ಲ. "ಫೋನ್ ಮಾಡ್ಬೇಕೇನೋ ಅವರಿಗೆ" ಅಂದರು. ಅವರ ದನಿ ಕೇಳಿ ಕೈಹಿಡಿದು ಕ್ಷಮೆ ಕೇಳೋಣ ಎನ್ನಿಸಿತು. ನಮ್ಮ ಮನೆಯಲ್ಲಿ ಅದೆಲ್ಲ ಅಭ್ಯಾಸವಿಲ್ಲ, ಪಕ್ಕದಲ್ಲಿ ಹೋಗಿ ಕೂತೆ.

ಅಕ್ಕ ಅವರ ಒದ್ದೆ ಪ್ಯಾಂಟನ್ನು ಮಡಚಲು ಬಗ್ಗಿದವಳು ಕೈ ಸೋಕಿದ ಕೂಡಲೇ ಹೌಹಾರಿದಳು. "ಅಯ್ಯೋ! ಇದೇನು ರೀ ಕಾಲು, ಇಷ್ಟು ತಣ್ಣಗೆ ಕೊರೀತಿದೆ!"

"ಮತ್ತೇನು, ಮಂಡಿ ಮಟ್ಟ ಐಸ್ ನೀರಲ್ಲಿ ಮೂರು ಗಂಟೆ ನಿಂತಿದ್ದೆ. ಅರ್ಧಕ್ಕರ್ಧ ಗಡ್ಡೆ ಅದರಲ್ಲೇ ಕರಗಿದೆ. ಈಗ ಮೋಟಾರ್ ಹಾಕಿ ಚರಂಡಿಗೆ ಬಿಡ್ತಿದಾ..."

ಮಾತು ಅಲ್ಲೇ ನಿಂತಿತು. ಭಾವ ಅಕ್ಕನ ಮುಖ ನೋಡಿದರು. ಅಕ್ಕ ಗೋಡೆ ನೋಡಿದಳು. ಗೋಡೆಯಾಚೆ ಮೋಟಾರು ಗುರ್ರೆನ್ನುತ್ತ, ಹಿಮದಂಥ ನೀರನ್ನು ಧಾರಾಳವಾಗಿ ಚರಂಡಿಗೆ ಸುರಿಯುತ್ತಿತ್ತು.

"ಏಳೋ!" ಎಂದು ಭಾವ ನನ್ನ ಬೆನ್ನಿಗೊಂದು ಗುದ್ದು ಕೊಟ್ಟರು.

ಮುಂದಿನ ಇಪ್ಪತ್ತು ನಿಮಿಷ ಆ ಮನುಷ್ಯನನ್ನು ನೋಡಬೇಕಿತ್ತು. ಆ ಐಸ್ ನೀರನ್ನು ಸುರುಳಿಯವರೆಗೆ ತರುವಷ್ಟು ಉದ್ದದ ಒಂದೇ ಪೈಪು ಎಲ್ಲಿಯೂ ಇರಲಿಲ್ಲ. ಗಿಡಕ್ಕೆ ನೀರು ಹಾಕುವ ಪೈಪು, ಬಟ್ಟೆ ಮೆಷಿನ್ನಿನ ಪೈಪು, ಚೀಲದಲ್ಲಿದ್ದ ತುಂಡುಗಳು, ಐಸ್ ಅಂಗಡಿಯಮ್ಮ ಅಟ್ಟದಿಂದ ಇಳಿಸಿದ ಹಳೆಯದೊಂದು ಹೀಗೆ ಏಳು ತುಂಡು, ಏಳೂ ಬೇರೆ ಬೇರೆ ಅಳತೆ. ಭಾವ ಮೊಣಕಾಲೂರಿ ಕೂತು ಜೇಬಿನಿಂದ ವಾಷರ್‌ಗಳನ್ನು ತೆಗೆದು ನೆಲದ ಮೇಲೆ ಹರಡಿದರು. ಕಣ್ಣಳತೆಯಲ್ಲೇ ಒಂದೊಂದನ್ನು ಎತ್ತಿ, ಒತ್ತಿ, ತಿರುಗಿಸಿ, ಬಿಗಿದರು. ಒಂದನ್ನೂ ಬದಲಾಯಿಸಲಿಲ್ಲ. ಇಷ್ಟು ವರ್ಷ ಅಕ್ಕ ಬೈದುಕೊಂಡು ಎತ್ತಿಟ್ಟ ವಾಷರ್‌ಗಳ ಡಬ್ಬಿಯನ್ನೂ ಅವಳೇ ತಂದು ಮುಂದಿಟ್ಟಳು.

"ಆ ಕೊಳಕು ನೀರು ಬಿಯರಿಗೆ ಸೇರಿದ್ರೆ?" ಎಂದು ಅಕ್ಕ ಕೇಳಿದಳು.

"ನೀರು ಸುರುಳಿ ಒಳಗೆ, ಬಿಯರ್ ಸುರುಳಿ ಹೊರಗೆ. ಹಂಡೆ ಒಳಗೆ ಒಂದೂ ಜಾಯಿಂಟಿಲ್ಲ, ಇಡೀ ಒಂದೇ ಪೈಪು ಬಗ್ಗಿಸಿದೀನಿ" ಎಂದು, ಸುರುಳಿಯನ್ನು ಪ್ರತ್ಯೇಕ ಪಾತ್ರೆಯಲ್ಲಿ ಕುದಿಸಿ ಶುದ್ಧ ಮಾಡಿ ಹಂಡೆಗೆ ಇಳಿಬಿಟ್ಟರು. ಪೈಪು ಗೋಡೆ ಹಾರಿ, ಓಣಿ ದಾಟಿ, ನೆಲಮಾಳಿಗೆಗೆ ಇಳಿಯಿತು. ಓಣಿಯ ನಡುವೆ ಬೈಕಿನವರು ಅದರ ಮೇಲೆ ಹಾಯದಂತೆ ತಡೆಯುವ ಕೆಲಸ ನನ್ನದು. ನಾನು ಕೈ ಅಗಲಿಸಿ ನಿಂತು, ನಾಲ್ವರು ಬೈಕಿನವರ ಹತ್ತಿರ ಬೈಸಿಕೊಂಡೆ. ಅದು ನನಗೆ ಬೇಕಾದ ಶಿಕ್ಷೆಯೇ.

ಮೋಟಾರ್ ಗುಡುಗಿತು. ಪೈಪು ಹಾವಿನ ಹಾಗೆ ಒಮ್ಮೆ ಹೊರಳಿತು. ಏಳು ತುಂಡು, ಆರು ಜಾಯಿಂಟು. ನಾನು ಒಂದೊಂದನ್ನೂ ಬಗ್ಗಿ ಮುಟ್ಟಿ ನೋಡಿದೆ. ಒಣಗಿತ್ತು. ಒಂದರಲ್ಲೂ ಒಂದು ಹನಿ ಇಲ್ಲ.

"ಎಷ್ಟಾಯ್ತು?" ಎಂದು ಓಣಿಯಿಂದ ಕೂಗಿದೆ.

"ಅರವತ್ತು!" ಎಂದಳು ಅಕ್ಕ. ಸ್ವಲ್ಪ ಹೊತ್ತಿಗೆ, "ನಲವತ್ತೈದು!" ಐಸ್ ಅಂಗಡಿಯಮ್ಮನಿಗೂ ಹುರುಪು ಬಂದು, "ನೀರು ಬೆಚ್ಚಗಾದ್ರೆ ಹೇಳಿ, ಇನ್ನೊಂದು ಗಡ್ಡೆ ಎಸೀತೀನಿ!" ಎಂದು ಕೇಳದೆಯೇ ಒಂದು ಎಸೆದರು. "ಮೂವತ್ತು!" ಎಂದಾಗ ಬೈಕಿನವನೊಬ್ಬ ನಿಲ್ಲಿಸಿ, ಏನೆಂದು ತಿಳಿಯದೆಯೇ ಚಪ್ಪಾಳೆ ತಟ್ಟಿದ.

ಐದು ಗಂಟೆಗೆ ಹತ್ತೊಂಬತ್ತು ಡಿಗ್ರಿ. ಭಾವ ತಿಳಿಯನ್ನು ತೊಳೆದಿಟ್ಟ ಡ್ರಮ್ಮಿಗೆ ಇಳಿಸಿ, ಯೀಸ್ಟ್ ಹಾಕಿ, ಮುಚ್ಚಳ ಬಿಗಿದರು. ಆರಕ್ಕೆ ಹೋಗಿ ಬೀದಿಯ ವಾಲ್ವ್ ತೆರೆದು ಬಂದರು. ನೆಲಮಾಳಿಗೆಯ ಜಾಯಿಂಟೂ ಗಟ್ಟಿಯಾಗಿ ನಿಂತಿತ್ತು.

ಆದರೂ ಮನಸ್ಸಿಗೆ ಸಮಾಧಾನವಿಲ್ಲ. ಮೂರು ಗಂಟೆ ಸುಮ್ಮನೆ ಬಿಸಿಯಲ್ಲಿ ಕೂತದ್ದು ರುಚಿಗೆ ಏನು ಮಾಡಿದೆಯೋ ಯಾರಿಗೂ ತಿಳಿಯದು. ಸೋಮವಾರವೆಲ್ಲ ಡ್ರಮ್ಮು ಒಂದು ಗುಳ್ಳೆಯ ಸದ್ದೂ ಇಲ್ಲದೆ ಸತ್ತಂತೆ ಕೂತಿತ್ತು. ಮಂಗಳವಾರ ಬೆಳಿಗ್ಗೆ ಪ್ರೆಸ್ಸಿಗೆ ಹೋಗುವ ದಾರಿಯಲ್ಲಿ ನಾನು ಹಣಕಿ ನೋಡಿದರೆ, ಭಾವ ಚಮಚದ ಹಿಡಿಯನ್ನು ಡ್ರಮ್ಮಿಗೊತ್ತಿ ಕಣ್ಣು ಮುಚ್ಚಿ ನಿಂತಿದ್ದರು. ಬಹಳ ಹೊತ್ತಾದ ಮೇಲೆ ಕಣ್ಣು ತೆರೆದು, "ಮಾತಾಡ್ತಿದೆ" ಎಂದರು. ಅವರ ಮುಖ ನೋಡಿ ನನಗೆ ಕಣ್ಣು ಮಂಜಾಯಿತು.

ಮದುವೆಯ ದಿನ ನಾನು ಬಾಟಲಿಗಳನ್ನು ಮದುವೆ ಹಾಲ್‌ನ ಹಿಂಬಾಗಿಲಿನಿಂದ ಒಳಗೆ ಸಾಗಿಸುತ್ತಿದ್ದಾಗ ಅಲ್ಲೊಂದು ವ್ಯಾನ್ ನಿಂತಿತ್ತು. ಮೇಲೆ ಟಾರ್ಪಾಲು. ಎತ್ತಿ ನೋಡಿದೆ. ಕಾರ್ಖಾನೆಯ ಬಿಯರ್, ಪೆಟ್ಟಿಗೆಗಟ್ಟಲೆ. ನಾವು ಫೋನೇ ಮಾಡಿರಲಿಲ್ಲ! ನನಗೆ ರಕ್ತ ಕುದಿಯಿತು. ಡ್ರೈವರ್, "ಸಾಹೇಬ್ರು ಸನ್ನೆ ಮಾಡಿದ್ರೆ ಇಳಿಸು ಅಂದಿದಾರೆ" ಎಂದ. ಭಾವನಿಗೆ ಇದನ್ನು ಹೇಳಲಿಲ್ಲ.

ಹುಡುಗ ಹುಡುಗಿ ಉಂಗುರ ತೊಡಿಸಿ, ಸಹಿ ಹಾಕಿ, ಎಲ್ಲರೂ ಊಟಕ್ಕೆ ಕೂತರು. ಅರವತ್ತು ಜನ. ಮೊದಲ ಲೋಟವನ್ನು ಭಾವ ತಾವೇ ಬಗ್ಗಿಸಿ ಬೀಗರ ಮುಂದಿಟ್ಟರು. ಒಂದು ಹನಿಯೂ ಚೆಲ್ಲಲಿಲ್ಲ. ಮದುಮಗಳು ಅಪ್ಪನನ್ನೇ ನೋಡುತ್ತಿದ್ದಳು.

ಬೀಗರು ಲೋಟವನ್ನು ಬೆಳಕಿಗೆ ಹಿಡಿದರು. ನೊರೆ ನೋಡಿದರು. ಮೂಗಿಗೆ ಹಿಡಿದರು. ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಮೇಲೆ ನೋಡಿದರು. ಆಮೇಲೆ ಇನ್ನೊಂದು ಗುಟುಕು. ಹುಬ್ಬು ಗಂಟಿಕ್ಕಿತು.

"ಕುದಿಸಿದ್ದನ್ನ ಎಷ್ಟು ಹೊತ್ತಿಗೆ ಆರಿಸಿದ್ರಿ?"

ಭಾವ ಸುಳ್ಳು ಹೇಳುವವರಲ್ಲ. "ಒಂದೂವರೆಗೆ ಇವನು ಆರಿಸ್ದ. ನಾಲ್ಕೂವರೆಗೆ ನಾನು ಆರಿಸ್ದೆ" ಅಂದರು.

ಬೀಗರಿಗೆ ಅರ್ಥವಾಗಲಿಲ್ಲ. ನಾನು ಎದ್ದು ನಿಂತು, ತಲೆ ತಗ್ಗಿಸಿ, ಒಲೆ, ಹಂಡೆ, ಟವೆಲ್, ನಿದ್ದೆ, ಐಸ್ ನೀರು ಎಲ್ಲವನ್ನೂ ಒಪ್ಪಿಸಿದೆ. ಮೇಜಿನ ಸುತ್ತ ನಗು ಉಕ್ಕಿತು. ಬೀಗರು ಮಾತ್ರ ನಗಲಿಲ್ಲ. ಲೋಟವನ್ನೇ ನೋಡುತ್ತ ಹೇಳಿದರು:

"ಅದಕ್ಕೇ ಈ ಕಹಿ. ಮೂರು ಗಂಟೆ ಹೂವು ಬಿಸಿಯಲ್ಲೇ ಕೂತು ಪೂರ್ತಿ ಇಳಿದುಬಿಟ್ಟಿದೆ. ನಾಲಿಗೆ ಮೇಲೆ ನಿಲ್ಲತ್ತೆ, ಕೊರೆಯಲ್ಲ. ನಾವು ಕಾರ್ಖಾನೇಲಿ ಇಷ್ಟು ಹೊತ್ತು ಬಿಟ್ಟವರೇ ಅಲ್ಲ, ಧೈರ್ಯ ಇಲ್ಲ." ಒಂದೇ ಗುಟುಕಿಗೆ ಉಳಿದದ್ದನ್ನು ಮುಗಿಸಿದರು. ಹಿಂಬಾಗಿಲಲ್ಲಿ ಇಣುಕುತ್ತಿದ್ದ ವ್ಯಾನಿನ ಡ್ರೈವರನಿಗೆ ಕೈಸನ್ನೆ ಮಾಡಿದರು, ಹೋಗು ಎಂದು. ವ್ಯಾನ್ ಹೊರಟ ಸದ್ದು ನನಗೆ ಇಂಪಾಗಿ ಕೇಳಿಸಿತು.

ಆಮೇಲೆ ಖಾಲಿ ಲೋಟವನ್ನು ಭಾವನ ಕಡೆ ಚಾಚಿದರು.

"ಬೀಗರೇ, ಇನ್ನೊಂದು ಹಾಕಿ."

ಗೋಡೆಯೊಳಗೆ ಬೀಳುವ ಹನಿ ಕೇಳಿಸುವ ಆ ಮನುಷ್ಯ, ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡೇ, ಕಿವಿಯನ್ನು ಬೀಗರ ಬಾಯಿಯ ಹತ್ತಿರಕ್ಕೆ ಒಯ್ದರು.

"ಏನಂದ್ರಿ? ಸರಿಯಾಗಿ ಕೇಳಿಸ್ಲಿಲ್ಲ."